ಮುಕ್ಕಾಲು ಇಂಚಿನ ಜಾಗದಲ್ಲಿ ಒಂದು ಇಂಚು

ಹೆತ್ತವರು ಇಟ್ಟ ಹೆಸರು ಶಾಲೆಯ ದಾಖಲೆಯಲ್ಲೇ ಉಳಿದುಹೋಯಿತು. ಊರಿಗೆಲ್ಲ ಅವಳು ಬ್ರೇಕಕ್ಕ. ತನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಲಾರಿ ಡ್ರೈವರುಗಳೂ ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ, "ಬ್ರೇಕಕ್ಕ ಇದ್ದಾರಾ?" ಎಂದೇ ಕೇಳುತ್ತಿದ್ದರು. ಬಸ್ ಡಿಪೋ ಹಿಂದಿನ ಬೀದಿಯಲ್ಲಿ, ಟೈರ್ ಅಂಗಡಿಗೂ ಗಾಜಿನ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಎರಡು ಕೋಣೆಯ ಅಂಗಡಿ ಅದು. ಮುಂದಿನ ಕೋಣೆಯಲ್ಲಿ ಒಂದು ಗಾಡಿ ನಿಲ್ಲುವಷ್ಟು ಜಾಗ, ನೆಲದಲ್ಲಿ ಇಳಿದು ಕೆಲಸ ಮಾಡುವ ಗುಂಡಿ. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮೇಜು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಬ್ರೇಕ್ ಪೈಪುಗಳು, ಮೂಲೆಯಲ್ಲೊಂದು ಕುರ್ಚಿ. ಆ ಕುರ್ಚಿಯಲ್ಲಿ ಅವಳ ಅಪ್ಪ.

ಅಂಗಡಿ ಕಟ್ಟಿದ್ದು ಅಪ್ಪ. ಕೈ ನಡುಗಲು ಶುರುವಾದ ಮೇಲೆ ಸ್ಪ್ಯಾನರ್ ಮುಟ್ಟುವುದನ್ನು ಬಿಟ್ಟಿದ್ದರು. ಆದರೆ ಕಿವಿ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಗಾಡಿ ಬೀದಿ ತಿರುಗುವಾಗಲೇ, "ಹಿಂದಿನ ಎಡ ಚಕ್ರ, ಲೈನರ್ ಸವೆದಿದೆ ನೋಡು," ಎನ್ನುತ್ತಿದ್ದರು. ಹತ್ತಕ್ಕೆ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯ ಸಲ ತಪ್ಪಾದರೆ, "ಬಲ ಅಂತಾನೇ ಹೇಳಿದ್ದು ನಾನು," ಎಂದು ದಬಾಯಿಸುತ್ತಿದ್ದರು.

ಅವಳು ಈ ಕೆಲಸಕ್ಕೆ ಬಂದದ್ದು ಎಂಟನೇ ವಯಸ್ಸಿನಲ್ಲಿ, ಕಾಲಿನಿಂದ. ಪೈಪಿನೊಳಗಿನ ಗಾಳಿ ತೆಗೆಯುವಾಗ ಒಬ್ಬರು ಗುಂಡಿಯಲ್ಲಿರಬೇಕು, ಇನ್ನೊಬ್ಬರು ಪೆಡಲ್ ತುಳಿಯಬೇಕು. ಅಪ್ಪ ಕೆಳಗಿನಿಂದ "ಒತ್ತು... ಹಿಡಿ... ಬಿಡು" ಎಂದು ಕೂಗುತ್ತಿದ್ದರು, ಅವಳು ಸೀಟಿನ ತುದಿಗೆ ಜಾರಿ, ಸ್ಟೇರಿಂಗಿಗೆ ಜೋತುಬಿದ್ದು ತುಳಿಯುತ್ತಿದ್ದಳು. ಓದು ಮುಗಿಯಿತು, ಮದುವೆಯಾಯಿತು, ಗಂಡನ ಮನೆ ಎರಡು ಬೀದಿಯಾಚೆ. ಬೆಳಗ್ಗೆ ಎಂಟಕ್ಕೆ ಅಪ್ಪನ ಅಂಗಡಿಯ ಶಟರ್ ಎತ್ತುವುದನ್ನು ಮಾತ್ರ ಅವಳು ಬಿಡಲಿಲ್ಲ.

ಅಪ್ಪ ಕಲಿಸಿದ ವಿದ್ಯೆ ಸರಳವಾಗಿತ್ತು. ಪೆಡಲ್ ಹಿಂದೆ ಒಂದು ಸಿಲಿಂಡರ್, ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ಅದರೊಳಗೆ ಸಣ್ಣ ಪಿಸ್ಟನ್. ಕಾಲು ಅದನ್ನು ತಳ್ಳುತ್ತದೆ, ಅದು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಪೈಪಿನಲ್ಲಿ ಹೋಗಿ ಚಕ್ರಗಳಲ್ಲಿರುವ ಪಿಸ್ಟನ್‌ಗಳನ್ನು ತಳ್ಳುತ್ತದೆ. "ಎಣ್ಣೆ ಕುಗ್ಗೋಲ್ಲ ಮಗಳೇ. ಇಲ್ಲಿ ಕೊಟ್ಟ ಒತ್ತಡ ಅಲ್ಲಿಗೆ ಹಾಗೇ ಹೋಗುತ್ತೆ. ಕಾಲು ನಾಲ್ಕು ಬೆರಳು ಇಳಿದ್ರೆ ಚಕ್ರದಲ್ಲಿ ಕೂದಲೆಳೆಯಷ್ಟು ಸರಿಯುತ್ತೆ. ದೂರ ಕೊಟ್ಟು ಬಲ ತಗೊಳ್ಳೋದು, ಅಷ್ಟೇ." ಇದರ ಜೊತೆಗೆ ಇನ್ನೊಂದು ಮಾತನ್ನೂ ಅವರು ಹೇಳಿಕೊಟ್ಟಿದ್ದರು: ಪೆಡಲ್ ಮೆತ್ತಗಿದ್ದರೆ ಹೆದರು, ಗಟ್ಟಿಯಾಗಿದ್ದರೆ ನೆಮ್ಮದಿಯಾಗಿ ಊಟ ಮಾಡು. ಇಪ್ಪತ್ತೆರಡು ವರ್ಷ ಅವಳು ಆ ಮಾತನ್ನು ನಂಬಿ ನೆಮ್ಮದಿಯಾಗಿಯೇ ಊಟ ಮಾಡಿದಳು.

ಬೇಕರಿಯ ಬ್ರೆಡ್ ವ್ಯಾನಿನ ಡ್ರೈವರನ್ನು ಎಲ್ಲರೂ ಹಾರ್ನಣ್ಣ ಎನ್ನುತ್ತಿದ್ದರು. ಪ್ರತಿ ಅಂಗಡಿ ಮುಂದೆ ಮೂರು ಸಲ ಹಾರ್ನ್ ಹೊಡೆದೇ ಇಳಿಯುವವನು. ಹತ್ತೊಂಬತ್ತು ವರ್ಷ ಅದೇ ಬೇಕರಿ, ಅದೇ ದಾರಿ. ವ್ಯಾನಿನ ಮಾಸ್ಟರ್ ಸಿಲಿಂಡರ್ ಸವೆದು ಎಣ್ಣೆ ಸೋರುತ್ತಿದೆ ಎಂದು ಅವನು ಅಂಗಡಿಗೆ ಬಂದಾಗ ಸರಿಯಾದ ಅಳತೆಯ ಬಿಡಿಭಾಗ ಊರಲ್ಲೇ ಇರಲಿಲ್ಲ. ಬೇಕಿದ್ದದ್ದು ಮುಕ್ಕಾಲು ಇಂಚು ಅಗಲದ ಪಿಸ್ಟನ್ ಇರುವುದು. ಅದೇ ಕಂಪನಿಯ ದೊಡ್ಡ ಗಾಡಿಯದು ಒಂದು ಇಂಚಿನದು ಸಿಗುತ್ತಿತ್ತು. ಬೋಲ್ಟ್ ತೂತು ಒಂದೇ, ಪೈಪಿನ ಬಾಯಿ ಒಂದೇ. ಹೇಳಿ ಮಾಡಿಸಿದ ಹಾಗೆ ಕೂತುಕೊಂಡಿತು.

"ಒಳ್ಳೇದೇ ಆಯ್ತು ಹಾರ್ನಣ್ಣ," ಎಂದಳು ಕೈ ಒರೆಸಿಕೊಳ್ಳುತ್ತ. "ಇದು ಮೊದಲಿಗಿಂತ ದೊಡ್ಡದು. ಇನ್ನೂ ಜೋರಾಗಿ ಹಿಡಿಯುತ್ತೆ."

ಖಾಲಿ ವ್ಯಾನನ್ನು ಅವಳೇ ಡಿಪೋ ಹಿಂದಿನ ಸಪಾಟು ಬೀದಿಯಲ್ಲಿ ಎರಡು ಸುತ್ತು ಓಡಿಸಿ ನೋಡಿದಳು. ಪೆಡಲ್ ಮೇಲೆಯೇ ನಿಲ್ಲುತ್ತಿತ್ತು, ಗಟ್ಟಿಯಾಗಿ. ಗಾಡಿಯೂ ನಿಂತಿತು. ಎರಡು ದಿನ ಬಿಟ್ಟು ಹಾರ್ನಣ್ಣ ಬೀದಿಯಲ್ಲಿ ಹೋಗುತ್ತ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ಪೆಡಲ್ ಯಾಕೋ ಬಿಗಿ ಅನ್ಸುತ್ತೆ," ಎಂದ. ಅವಳು ನಕ್ಕಳು. "ಬಿಗಿ ಇದ್ರೆ ಪುಣ್ಯ ಅಂದ್ಕೊಳ್ಳಿ!"

ಹದಿನೈದನೇ ದಿನ, ಹಬ್ಬದ ಮುಂಚಿನ ಬೆಳಗ್ಗೆ ಆರೂವರೆಗೆ, ಎಂದಿಗಿಂತ ಹೆಚ್ಚಾಗಿ ಬ್ರೆಡ್ ಟ್ರೇಗಳನ್ನು ಚಾವಣಿಯವರೆಗೆ ತುಂಬಿಕೊಂಡಿದ್ದ ಆ ವ್ಯಾನ್ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಇಳಿದು, ಕೆಳಗಿನ ತಿರುವಿನಲ್ಲಿ ನಿಲ್ಲದೆ, ನೇರವಾಗಿ ಟೈಲರ್ ಅಂಗಡಿಯೊಳಗೆ ನುಗ್ಗಿತು. ಟೈಲರ್ ಅದೇ ಕ್ಷಣ ಗುಂಡಿಯ ಡಬ್ಬಿ ತರಲು ಎದ್ದು ಒಳಗೆ ಹೋಗಿದ್ದ. ತಿರುಗಿ ನೋಡಿದರೆ ಅವನು ಕೂತಿದ್ದ ಸ್ಟೂಲೂ ಇಲ್ಲ, ಹೊಲಿಗೆ ಯಂತ್ರವೂ ಇಲ್ಲ. ಅಲ್ಲೊಂದು ವ್ಯಾನಿನ ಮೂತಿ ಇತ್ತು. ಅವನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದನಂತೆ, ಜನ ಬಂದು ಕೈಯಿಂದ ಬಿಡಿಸಿಕೊಳ್ಳುವವರೆಗೆ. ಹಾರ್ನಣ್ಣನ ಬಲಮಂಡಿ ಪುಡಿಯಾಗಿತ್ತು. ಸ್ಟ್ರೆಚರ್ ಮೇಲೆ ಮಲಗಿಸುವಾಗ ಅವನು ಒಂದೇ ಮಾತು ಹೇಳುತ್ತಿದ್ದ: "ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಹಾಕಿ ತುಳಿದೆ. ಕಲ್ಲಾಗಿತ್ತು."

ಸುದ್ದಿ ಕೇಳಿದ ಬ್ರೇಕಕ್ಕ ದಿನ ಎಣಿಸಿದಳು. ಕೆಲಸ ಮಾಡಿ ಹದಿನೈದು ದಿನವೂ ಆಗಿಲ್ಲ. ನಾಲ್ಕು ದಿನದ ಮೇಲೆ ಬೇಕರಿ ಯಜಮಾನರೇ ಕರೆಸಿದರು. ಜಜ್ಜಿಹೋದ ವ್ಯಾನನ್ನು ಎಳೆದುತಂದು ಹಿತ್ತಲಲ್ಲಿ ನಿಲ್ಲಿಸಿದ್ದರು. ಒಲೆ ಕೆಲಸದವರು, ಮೂಟೆ ಹೊರುವವರು ಎಲ್ಲ ಸುತ್ತ ನಿಂತಿದ್ದರು. ಹಾರ್ನಣ್ಣನ ಹೆಂಡತಿಯೂ ಇದ್ದಳು. ಗಂಡನ ಊಟದ ಡಬ್ಬಿ, ಚಪ್ಪಲಿ ತೆಗೆದುಕೊಂಡು ಹೋಗಲು ಬಂದಿದ್ದಳು. ಬ್ರೇಕಕ್ಕ ಪ್ರತಿಯೊಂದು ಪೈಪನ್ನೂ ಬೆರಳಿನಿಂದ ಸವರಿ ನೋಡಿದಳು. ಎಲ್ಲೂ ಸೋರಿಲ್ಲ. ಎಣ್ಣೆ ತುಂಬ ಇದೆ. ಪೆಡಲ್ ಒತ್ತಿದಳು, ಗಟ್ಟಿ. ಅವಳಿಗೆ ಹೋದ ಜೀವ ಬಂದಂತಾಯಿತು.

"ಬ್ರೇಕ್ ಸರಿಯಾಗೇ ಇದೆ ಸಾರ್," ಎಂದಳು. "ಬ್ರೇಕ್ ಫೇಲಾದ್ರೆ ಪೆಡಲ್ ಕೆಳಗೆ ಹೋಗಿಬಿಡುತ್ತೆ. ಕಲ್ಲಾಗಿತ್ತು ಅಂದ್ರೆ ಫೇಲಾಗಿಲ್ಲ ಅಂತಾನೇ ಅರ್ಥ."

ಯಜಮಾನರು ಉಸಿರು ಬಿಟ್ಟರು. "ಹಾಗಾದ್ರೆ ನಿದ್ದೆನೇ. ಮೂರು ಗಂಟೆಗೆ ಏಳೋ ಮನುಷ್ಯ. ಕಣ್ಣು ಮುಚ್ಚಿದಾನೆ."

ಹಾರ್ನಣ್ಣನ ಹೆಂಡತಿ ಡಬ್ಬಿಯನ್ನು ಎದೆಗವಚಿಕೊಂಡು ಹೊರಟುಹೋದಳು. ಹಾರ್ನಣ್ಣನ ಕೆಲಸವೂ ಅದರ ಜೊತೆಗೇ ಹೋಯಿತು.

ನಾಲ್ಕು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ, ಊಟ ಮುಗಿದ ಹೊತ್ತು, ಎದುರು ಗ್ಯಾರೇಜಿನ ಮೇಸ್ತ್ರಿ ತನ್ನ ಲಾರಿ ಜಾಕಿಯನ್ನು ಎತ್ತಿಕೊಂಡು ಬಂದ. ಮೇಸ್ತ್ರಿ ಒಳ್ಳೆಯವನೇ, ಆದರೆ ಅವನ ತಲೆಯಲ್ಲಿ ಹೊಸ ಐಡಿಯಾ ಹುಟ್ಟಿದ ದಿನ ಅಕ್ಕಪಕ್ಕದವರು ಹುಷಾರಾಗಿರಬೇಕಿತ್ತು. ಜಾಕಿಯಲ್ಲಿ ಹಿಡಿಕೆಯ ಕೆಳಗೆ ಒಂದು ಸಣ್ಣ ಪಿಸ್ಟನ್, ಲಾರಿಯನ್ನು ಎತ್ತಲು ಇನ್ನೊಂದು ದೊಡ್ಡ ಪಿಸ್ಟನ್. ಆ ಸಣ್ಣದರ ಕೊಳವೆ ಗೀರುಬಿದ್ದು ಹಾಳಾಗಿತ್ತಂತೆ. ಮೇಸ್ತ್ರಿ ಅದನ್ನು ಲೇತಿಗೆ ಕೊಟ್ಟು, ಕೊಳವೆಯನ್ನು ಅಗಲ ಮಾಡಿಸಿ, ದಪ್ಪದೊಂದು ಹೊಸ ಪಿಸ್ಟನ್ ಹಾಕಿಸಿಕೊಂಡು ಬಂದಿದ್ದ.

"ನೋಡ್ತಾ ಇರಿ ಬ್ರೇಕಕ್ಕ. ಒಂದು ಸಲ ಒತ್ತಿದ್ರೆ ಡಬಲ್ ಎಣ್ಣೆ ಹೋಗುತ್ತೆ. ಅರ್ಧ ಹೊತ್ತಲ್ಲಿ ಲಾರಿ ಮೇಲೆ!"

ಬೀದಿಯಲ್ಲೇ ಲಾರಿಯ ಅಚ್ಚಿನ ಕೆಳಗೆ ಜಾಕಿ ಇಟ್ಟ. ಮೊದಲ ನಾಲ್ಕು ಸಲ, ಭಾರ ತಗಲುವವರೆಗೆ, ಜಾಕಿ ಸರಸರನೆ ಏರಿತು. ಮೇಸ್ತ್ರಿ ಹುಬ್ಬು ಹಾರಿಸಿದ. ಐದನೆಯ ಸಲ ಹಿಡಿಕೆ ಅಲ್ಲಾಡಲಿಲ್ಲ. ಕೈ ಬದಲಿಸಿದ. ಎರಡೂ ಕೈ ಹಾಕಿದ. ಕೊನೆಗೆ ಹಿಡಿಕೆಯ ಮೇಲೆ ಹೊಟ್ಟೆ ಹಾಕಿ ಜೋತುಬಿದ್ದ. ಕಾಲು ನೆಲದಿಂದ ಮೇಲೆದ್ದು ಗಾಳಿಯಲ್ಲಿ ಒದ್ದಾಡಿದವೇ ಹೊರತು ಲಾರಿ ಮಿಸುಕಲಿಲ್ಲ. ಟೈರ್ ಅಂಗಡಿಯವರು ಶಿಳ್ಳೆ ಹೊಡೆದರು. ಬ್ರೇಕಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಇಳೀರಿ ಮೇಸ್ತ್ರಿ, ಹೊಟ್ಟೆ ಹರಿದೀತು! ಒತ್ತೋ ಕಡೆ ಸಣ್ಣದು ಸಣ್ಣದಾಗೇ ಇರ್ಬೇಕು. ನಿಮ್ಮ ಕೈ ಬಲ ಅಷ್ಟೇ ತಾನೆ? ಅದನ್ನ ಸಣ್ಣ ಜಾಗಕ್ಕೆ ಹಾಕಿದ್ರೆ ಒತ್ತಡ ಜಾಸ್ತಿ, ಅಗಲಕ್ಕೆ ಹರಡಿದ್ರೆ ಒತ್ತಡ ಕಮ್ಮಿ. ಅಲ್ಲಿ ದಪ್ಪ ಹಾಕಿದ್ರೆ ಎಷ್ಟು ತುಳಿದ್ರೂ ಕಲ್ಲಾ..."

ಮಾತು ಅಲ್ಲಿಗೇ ನಿಂತಿತು.

ಮೇಸ್ತ್ರಿ ಇನ್ನೂ ನಗುತ್ತಿದ್ದ. ಬ್ರೇಕಕ್ಕನ ಮುಖದ ನಗು ಮಾತ್ರ ಇದ್ದಲ್ಲೇ ಬಿಗಿದುಕೊಂಡಿತ್ತು. ಬಾಯಿಯಿಂದ ಬಂದದ್ದು ತುಳಿದರೂ ಎಂಬ ಮಾತು. ಜಾಕಿಯನ್ನು ಯಾರೂ ತುಳಿಯುವುದಿಲ್ಲ. ಸತ್ಯ ತನ್ನ ಬಾಯಿಂದಲೇ ಹೊರಬಿದ್ದಿತ್ತು. ಅದೂ ನಗುತ್ತ, ಬೀದಿಯ ನಡುವೆ, ಬೇರೊಬ್ಬನ ತಪ್ಪನ್ನು ತಿದ್ದುವಾಗ.

ಅವಳು ಏನೂ ಹೇಳದೆ ಒಳಗೆ ಹೋದಳು. ಮೇಜಿನ ಮೇಲೆ ಒಂದು ಹಳೆಯ ಪೆಡಲ್ ಕಟ್ಟಿದಳು. ಅದಕ್ಕೆ ಮುಕ್ಕಾಲು ಇಂಚಿನ ಮಾಸ್ಟರ್ ಜೋಡಿಸಿ, ಪೈಪಿನ ತುದಿಗೆ ಒತ್ತಡ ತೋರಿಸುವ ಗೇಜು ಹಾಕಿ, ಗಾಳಿ ತೆಗೆದಳು. ಒಂದು ಚೀಲದಲ್ಲಿ ಹಳೆಯ ಬ್ರೇಕ್ ಡ್ರಮ್ಮುಗಳನ್ನು ತುಂಬಿ ಪೆಡಲ್ ತುದಿಗೆ ನೇತುಹಾಕಿದಳು. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು. ಅದನ್ನು ಬಿಚ್ಚಿ ಒಂದು ಇಂಚಿನದು ಹಾಕಿದಳು. ಅದೇ ಪೆಡಲ್, ಅದೇ ಚೀಲ. ಮುಳ್ಳು ನಲವತ್ತೈದಕ್ಕೆ ನಿಂತಿತು. ಚೀಲವನ್ನು ಅಲ್ಲಾಡಿಸಿದಳು. ನಲವತ್ತೈದೇ.

ಅಪ್ಪ ಮೂಲೆಯಿಂದ ನೋಡುತ್ತಿದ್ದರು. "ಏನದು?"

"ಬ್ರೆಡ್ ವ್ಯಾನ್ ಅಪ್ಪ," ಎಂದಳು. "ನಾನು ದೊಡ್ಡದು ಹಾಕಿದ್ನಲ್ಲ. ಅರ್ಧ ಬ್ರೇಕ್ ಕಿತ್ಕೊಂಡು ಕಳಿಸಿದೀನಿ. ಖಾಲಿ ಗಾಡಿ, ಸಪಾಟು ರಸ್ತೆ, ಅದಕ್ಕೆ ನಿಂತುಬಿಡ್ತು. ಲೋಡ್ ಹಾಕ್ಕೊಂಡು ಇಳಿಜಾರಲ್ಲಿ..."

"ಇನ್ನೊಂದ್ಸಲ ಮಾಡು."

ಮಾಡಿದಳು. ಎಂಬತ್ತು, ನಲವತ್ತೈದು. ಅಪ್ಪ ಎದ್ದುಬಂದು, ನಡುಗುವ ಬೆರಳಿನಿಂದ ಗೇಜಿನ ಗಾಜನ್ನು ತಟ್ಟಿದರು, ಮುಳ್ಳೇನಾದರೂ ಸುಳ್ಳು ಹೇಳುತ್ತಿದೆಯೋ ಎಂಬಂತೆ. ಮುಳ್ಳು ಜಗ್ಗಲಿಲ್ಲ.

"ಗಟ್ಟಿ ಪೆಡಲ್ ಒಳ್ಳೇದು ಅಂತ ಹೇಳಿಕೊಟ್ಟೋನು ನಾನು," ಎಂದರು. ಗೇಜಿನಿಂದ ಕೈ ತೆಗೆದು, "ನಾನೂ ಹಾಕಿದೀನಿ ಮಗಳೇ. ಎರಡು ಗಾಡಿಗೆ. ಮೂವತ್ತು ವರ್ಷ ಆಗಿರ್ಬೇಕು. ಅವು ಏನಾದ್ವೋ." ಮತ್ತೆ ಥಟ್ಟನೆ ತಲೆ ಎತ್ತಿದರು. "ನೀನು ಎಷ್ಟು ಗಾಡಿಗೆ ಹಾಕಿದೀಯ?"

ಇಷ್ಟು ಹೊತ್ತು ಅವಳ ತಲೆಯಲ್ಲಿ ಇದ್ದದ್ದು ಒಂದೇ ವ್ಯಾನ್. ಸರಿಯಾದ ಅಳತೆ ಸಿಗದ ಆ ಆರು ತಿಂಗಳಲ್ಲಿ ಅವಳು ನಾಲ್ಕು ಗಾಡಿಗೆ ಅದೇ ಒಂದು ಇಂಚಿನದನ್ನು ಹಾಕಿದ್ದಳು. ಬ್ರೆಡ್ ವ್ಯಾನ್. ನೀರಿನ ಕ್ಯಾನ್ ಹಂಚುವ ಗಾಡಿ. ಹಾಸಿಗೆ ಮಾರುವವನದು. ಮತ್ತೆ...

"ಶಾಲೆ ವ್ಯಾನ್," ಎಂದಳು.

ಅಪ್ಪ ಗೋಡೆ ಗಡಿಯಾರದ ಕಡೆ ನೋಡಿದರು. ಮೂರಕ್ಕೆ ಹತ್ತು ನಿಮಿಷ. "ಇಲ್ಲಿ ಯಾಕೆ ನಿಂತಿದೀಯ? ಓಡು!"

ಅವಳು ಓಡಿದಳು. ಎಣ್ಣೆ ಕೈಯಲ್ಲೇ, ಶಟರ್ ಎಳೆಯದೆ, ಬಸ್ ಡಿಪೋ ದಾಟಿ, ಅಂಚೆ ಕಚೇರಿ ದಾಟಿ. ಶಾಲೆಯ ಗೇಟಿನ ಹತ್ತಿರ ಬಂದಾಗ ವ್ಯಾನ್ ಆಗಲೇ ಚಾಲೂ ಆಗಿತ್ತು. ಒಳಗೆ ಹದಿನಾಲ್ಕು ಮಕ್ಕಳು. ಕಿಟಕಿಯ ತುಂಬ ಮೂಗುಗಳು, ನೀರಿನ ಬಾಟಲಿಗಳು. ಅವಳು ವ್ಯಾನಿನ ಮುಂದೆ ಎರಡೂ ಕೈ ಚಾಚಿ ನಿಂತಳು.

ವ್ಯಾನ್ ಓಡಿಸುತ್ತಿದ್ದ ಮುದುಕ ತಲೆ ಹೊರಹಾಕಿದ. "ಏನಮ್ಮ ಬ್ರೇಕಕ್ಕ, ನಿನಗೂ ಡ್ರಾಪ್ ಬೇಕಾ? ಒಬ್ಬಳನ್ನ ಮಡಿಲಲ್ಲಿ ಕೂರಿಸ್ಕೋಬೇಕಷ್ಟೇ."

"ಗಾಡಿ ಆಫ್ ಮಾಡಿ ತಾತ. ಕೀ ಕೊಡಿ."

"ಯಾಕೆ? ಬ್ರೇಕ್ ಚೆನ್ನಾಗಿದೆ ಕಣಮ್ಮ. ಏನು ಗಟ್ಟಿ ಗೊತ್ತಾ! ಸಂಜೆ ಹೊತ್ತಿಗೆ ಕಾಲು ನೋಯುತ್ತೆ, ಅಷ್ಟೇ."

ಅವಳಿಗೆ ಅಳು ಒತ್ತರಿಸಿ ಬಂತು. "ಕೀ ಕೊಡಿ ತಾತ, ಕೈ ಮುಗೀತೀನಿ."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಳ್ಳುತ್ತ ಹೊರಬಂದರು. ಬ್ರೇಕಕ್ಕ ಅವರ ಮುಂದೆ ನಿಂತು ಅಳುಕುತ್ತ ಹೇಳಿದಳು: "ಈ ಗಾಡಿಗೆ ತಪ್ಪು ಸಾಮಾನು ಹಾಕಿದ್ದು ನಾನು ಮೇಡಂ. ಇದು ಇಳಿಜಾರಲ್ಲಿ ನಿಲ್ಲೋಲ್ಲ. ಮಕ್ಕಳನ್ನ ಇಳಿಸಿ." ಮೇಡಂ ಅವರ ಕೈ ಕನ್ನಡಕದ ಮೇಲೆಯೇ ಉಳಿಯಿತು. ಏಳು ತಿಂಗಳಿಂದ ಈ ವ್ಯಾನ್ ದಿನಕ್ಕೆ ಎರಡು ಸಲ ಅದೇ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಇಳಿದಿತ್ತು. ಮುದುಕ ತಾತ ಇಪ್ಪತ್ತರ ವೇಗ ಮೀರದ ಮನುಷ್ಯ. ಅಷ್ಟರಿಂದಲೇ ಆ ಮಕ್ಕಳು ಉಳಿದಿದ್ದವು. ಮಕ್ಕಳಿಗೆ ಅದಾವುದರ ಗೊಡವೆಯೂ ಇರಲಿಲ್ಲ. ನಡೆದುಕೊಂಡು ಹೋಗುವುದು ಎಂದು ಗೊತ್ತಾದದ್ದೇ ತಡ, ಹೋ ಎಂದು ಕೂಗುತ್ತ ಇಳಿದವು.

ವ್ಯಾನನ್ನು ಮೊದಲ ಗೇರಿನಲ್ಲೇ ಅಂಗಡಿಗೆ ತಂದಳು. ಆ ಹೊತ್ತಿಗೆ ಸರಿಯಾದ ಅಳತೆಯದು ಊರಲ್ಲಿ ಸಿಗುತ್ತಿತ್ತು. ಸಂಜೆಯೊಳಗೆ ಅದನ್ನು ಬದಲಿಸಿ, ಮರುದಿನ ನೀರಿನ ಕ್ಯಾನಿನ ಗಾಡಿಯನ್ನು ಹುಡುಕಿ ಅದನ್ನೂ ಬದಲಿಸಿದಳು. ಹಾಸಿಗೆ ಮಾರುವವನು ಊರು ಬಿಟ್ಟು ಹೋಗಿ ಮೂರು ತಿಂಗಳಾಗಿತ್ತು. ಎಲ್ಲಿಗೆ ಎಂದು ಯಾರಿಗೂ ತಿಳಿದಿರಲಿಲ್ಲ.

ಇನ್ನು ಉಳಿದದ್ದು ಹಾರ್ನಣ್ಣ. ಮೂರು ದಿನ ಅವಳ ಕಾಲು ಆ ಕಡೆ ಏಳಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಏಳುತ್ತಿದ್ದಳು. ಮೂರನೆಯ ದಿನ ಗಂಡ ತಟ್ಟೆ ಎತ್ತುತ್ತ, "ಹೋಗಿ ಹೇಳಿ ಬಾ. ಹೇಳದೆ ನಿನ್ನ ಗಂಟಲಲ್ಲಿ ಏನೂ ಇಳಿಯೋಲ್ಲ," ಎಂದ.

ಭಾನುವಾರ ಮಧ್ಯಾಹ್ನ ಹೋದಳು. ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆಯ ಮನೆ. ಹಾರ್ನಣ್ಣ ಕಿಟಕಿಯ ಪಕ್ಕ ಮಡಿಸಲಾಗದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದ. ಈಗ ಯಾವುದೋ ಗೋದಾಮಿನ ಗೇಟು ಕಾಯುತ್ತಿದ್ದನಂತೆ. ಹೆಂಡತಿ ನೆಲದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ಬ್ರೇಕಕ್ಕನನ್ನು ನೋಡಿ ಅವಳ ಕೈ ನಿಂತಿತು, ಬಾ ಎನ್ನಲಿಲ್ಲ.

"ಹಾರ್ನಣ್ಣ, ಆವತ್ತು ನೀವು ಹೇಳಿದ್ದೇ ನಿಜ," ಎಂದಳು, ಬಾಗಿಲಲ್ಲೇ ನಿಂತು. "ಪೆಡಲ್ ಕಲ್ಲಾಗಿತ್ತು. ಅದನ್ನ ಕಲ್ಲು ಮಾಡಿದ್ದು ನಾನು." ಮತ್ತೆ ಸಣ್ಣ ಪಿಸ್ಟನ್, ದೊಡ್ಡ ಪಿಸ್ಟನ್, ಎಂಬತ್ತು, ನಲವತ್ತೈದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಕೋಲೆತ್ತಿ ಹೊಡೆದರೂ ಸರಿ ಎಂದುಕೊಂಡಿದ್ದಳು.

ಹಾರ್ನಣ್ಣ ಕಿಟಕಿಯಿಂದ ಅವಳ ಕಡೆ ತಿರುಗಿದ. "ಹಾಗಾದ್ರೆ... ನಾನು ಎಚ್ಚರವಾಗಿದ್ನಾ?"

ಅವಳಿಗೆ ಅರ್ಥವಾಗಲಿಲ್ಲ.

"ಎಲ್ಲರೂ ನಿದ್ದೆ ಅಂದ್ರು. ಯಜಮಾನ್ರು ಅಂದ್ರು, ಪೊಲೀಸಿನವರು ಬರ್ಕೊಂಡ್ರು, ನೀವೂ ಬ್ರೇಕ್ ಸರಿಯಿದೆ ಅಂದ್ರಿ. ಇಷ್ಟು ಜನ ಸುಳ್ಳು ಹೇಳ್ತಾರಾ? ನಾನೇ ಕಣ್ಣು ಮುಚ್ಚಿರ್ಬೇಕು, ತುಳಿದಿದ್ದೆಲ್ಲ ಕನಸಲ್ಲಿರ್ಬೇಕು ಅಂತ ನಾನೂ ನಂಬಿಬಿಟ್ಟೆ ಅಕ್ಕ. ನಾಲ್ಕು ತಿಂಗಳಾಯ್ತು, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ. ಮೊಮ್ಮಗಳನ್ನ ಎತ್ಕೊಂಡು ಬಾಲ್ಕನಿಗೆ ಹೋಗೋಕೆ ಭಯ. ಎಲ್ಲಿ ನಿಂತಲ್ಲೇ ನಿದ್ದೆ ಹೋಗಿ ಕೈ ಬಿಟ್ಟುಬಿಡ್ತೀನೋ ಅಂತ."

ಬ್ರೇಕಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮುರಿದ ಮಂಡಿ ಅವಳಿಗೆ ಗೊತ್ತಿತ್ತು, ಹೋದ ಕೆಲಸ ಗೊತ್ತಿತ್ತು. ತಾನು ಆವತ್ತು ಹಿತ್ತಲಲ್ಲಿ ಆಡಿದ ಎರಡು ಮಾತು ಒಬ್ಬ ಮನುಷ್ಯನ ತಲೆಯೊಳಗೆ ಹೋಗಿ, ಅವನು ಕಣ್ಣಾರೆ ಕಂಡದ್ದನ್ನೂ ಅಳಿಸಿಹಾಕಿದೆ ಎಂಬುದು ಅವಳ ಎಣಿಕೆಯಲ್ಲೇ ಇರಲಿಲ್ಲ.

ಹೆಂಡತಿ ಎದ್ದು ನಿಂತಳು. ದನಿ ಏರಿಸಲಿಲ್ಲ. "ಆವತ್ತು ಬೇಕರಿ ಹಿತ್ತಲಲ್ಲಿ ಇಪ್ಪತ್ತು ಜನ ಇದ್ರು. ನಾನೂ ಇದ್ದೆ. ಇವತ್ತು ಇಲ್ಲಿ ಬಂದು ನಮ್ಮಿಬ್ಬರಿಗೆ ಹೇಳಿ ಹೋದ್ರೆ ಆಯ್ತಾ? ಅಲ್ಲೇ ಹೇಳಿ. ಅದೇ ಜನರ ಮುಂದೆ."

ಮರುದಿನ ಬೆಳಗ್ಗೆ ಹತ್ತಕ್ಕೆ ಬ್ರೇಕಕ್ಕ ಆ ಪೆಡಲ್, ಗೇಜು, ಎರಡು ಸಿಲಿಂಡರ್ ಎಲ್ಲವನ್ನೂ ಒಂದು ಹಲಗೆಗೆ ಬಿಗಿದು, ಮೇಸ್ತ್ರಿಯ ಕೈಗಾಡಿಯಲ್ಲಿ ಬೇಕರಿಗೆ ತಂದಳು. ಅಪ್ಪನೂ ಬಂದಿದ್ದರು, ಬೇಡವೆಂದರೂ ಕೇಳದೆ. ಒಲೆಯವರು, ಮೂಟೆಯವರು, ಕವರ್ ಹಾಕುವ ಹೆಂಗಸರು ಎಲ್ಲ ಕೂಡಿದರು. ಹಾರ್ನಣ್ಣ ಕೋಲೂರಿಕೊಂಡು ಗೇಟಿನ ಬಳಿ ನಿಂತ, ಪಕ್ಕದಲ್ಲಿ ಹೆಂಡತಿ.

"ಸಾರ್, ನೀವೇ ತುಳಿದು ನೋಡಿ," ಎಂದಳು ಯಜಮಾನರಿಗೆ.

ಯಜಮಾನರು ಭಾರಿ ಆಳು. ಚಿಕ್ಕದನ್ನು ತುಳಿದರು, ಮುಳ್ಳು ಛಂಗನೆ ಹಾರಿತು. ಅವರ ಮುಖದಲ್ಲಿ ಸಣ್ಣ ಹೆಮ್ಮೆಯೂ ಕಂಡಿತು. ಅವಳು ಅದನ್ನು ಬಿಚ್ಚಿ ದೊಡ್ಡದನ್ನು ಜೋಡಿಸಿದಳು. ಅದನ್ನೂ ತುಳಿದರು, ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಮತ್ತೆ ತುಳಿದರು. ಎರಡೂ ಕಾಲು ಹಾಕಿ ಪೆಡಲ್ ಮೇಲೆ ನಿಂತೇಬಿಟ್ಟರು, ಕುತ್ತಿಗೆ ಕೆಂಪಾಗುವವರೆಗೆ.

"ಕಲ್ಲು," ಎಂದರು ಕೊನೆಗೆ, ಏದುಸಿರು ಬಿಡುತ್ತ. ಹೇಳಿದ ಮೇಲೆ ಅವರಿಗೆ ತಾವು ಆಡಿದ ಮಾತು ಯಾರದೆಂದು ಹೊಳೆಯಿತು. ತಿರುಗಿ ಗೇಟಿನ ಕಡೆ ನೋಡಿದರು. ಮೂಟೆ ಹೊರುವವನೊಬ್ಬ ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಈ ದೊಡ್ಡದನ್ನ ಹಾಕಿದ್ದು ನಾನು," ಎಂದಳು ಬ್ರೇಕಕ್ಕ. "ಬ್ರೇಕ್ ಸರಿಯಿದೆ ಅಂತ ಇಲ್ಲೇ ನಿಂತು ಹೇಳಿದ್ದೂ ನಾನೇ. ಹಾರ್ನಣ್ಣ ನಿದ್ದೆ ಮಾಡಿರ್ಲಿಲ್ಲ. ಎಚ್ಚರವಾಗಿ, ಎರಡೂ ಕಾಲಲ್ಲಿ ತುಳೀತಾ ಇದ್ರು. ಅವರು ಅಷ್ಟು ತುಳಿದಿದ್ದಕ್ಕೇ ಟೈಲರ್ ಅಂಗಡಿ ಹಿಂದಿನ ಗೋಡೆ ಉಳೀತು."

ಯಜಮಾನರು ಬ್ರೆಡ್ ಟ್ರೇಗಳ ಅಟ್ಟಿಯ ಮೇಲೆ ಕುಸಿದು ಕೂತರು. "ಹತ್ತೊಂಬತ್ತು ವರ್ಷ," ಎಂದರು. "ಒಂದು ಮಾತು ಅವನನ್ನ ಕೂರಿಸ್ಕೊಂಡು ಕೇಳ್ಲಿಲ್ಲ ನಾನು." ಬ್ರೇಕಕ್ಕನ ಮೇಲೆ ಅವರಿಗೆ ಸಿಟ್ಟು ಬಂದದ್ದು ಆಮೇಲೆ, ಮಧ್ಯಾಹ್ನ. ಬಂದಾಗ ಚೆನ್ನಾಗಿಯೇ ಬಂತು. ಡಿಪೋವರೆಗೆ ಕೇಳುವಂತೆ ಬೈದರು. ಅವಳು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡಳು.

ಪೊಲೀಸ್ ಠಾಣೆಗೂ ಹೋಗಿ ಬರೆದುಕೊಟ್ಟಳು. ಅಂಗಡಿಗೆ ಗಾಡಿ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ವಾರಗಟ್ಟಲೆ ಗುಂಡಿ ಖಾಲಿ. ಟೈರ್ ಅಂಗಡಿಯವರು ಕೂಡ ತಮ್ಮ ಗಾಡಿಯನ್ನು ಬೇರೆ ಕಡೆ ಒಯ್ದರು, ಕಣ್ಣು ತಪ್ಪಿಸಿ. ಅವಳು ಯಾರನ್ನೂ ದೂರಲಿಲ್ಲ. ಅಪ್ಪ ಮಾತ್ರ ಕುರ್ಚಿಯಿಂದ ಎದ್ದು, ತಮ್ಮ ಮೂವತ್ತು ವರ್ಷದ ಹಳೆಯ ಗಿರಾಕಿಗಳ ಮನೆಗಳಿಗೆ ಒಬ್ಬೊಬ್ಬರಂತೆ ಹೋಗಿಬಂದರು. ಅವರು ದೊಡ್ಡದು ಹಾಕಿದ್ದ ಗಾಡಿಗಳಲ್ಲಿ ಒಂದು ಎಂದೋ ಗುಜರಿಗೆ ಹೋಗಿತ್ತು. ಇನ್ನೊಂದರ ವಿಷಯ ಯಾರಿಗೂ ನೆನಪಿರಲಿಲ್ಲ. ಆಮೇಲೆ ಅವರು ಗಾಡಿಯ ಸದ್ದು ಕೇಳಿ ರೋಗ ಹೇಳುವುದನ್ನು ಬಿಟ್ಟುಬಿಟ್ಟರು.

ಹಾರ್ನಣ್ಣನನ್ನು ಬೇಕರಿಯವರು ಮರಳಿ ಕರೆದುಕೊಂಡರು. ಮಂಡಿ ಮಡಿಸಲಾಗದ್ದರಿಂದ ಗಾಡಿ ಓಡಿಸಲಾಗಲಿಲ್ಲ; ಯಾವ ವ್ಯಾನ್ ಯಾವ ಬೀದಿಗೆ ಎಂದು ನೋಡಿಕೊಳ್ಳುವ ಕೆಲಸ. ಅವನು ಬ್ರೇಕಕ್ಕನನ್ನು ಕ್ಷಮಿಸಿದೆ ಎಂದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವನ ಹೆಂಡತಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಆದರೆ ಹಾಸಿಗೆಯವನನ್ನು ಹುಡುಕಿಕೊಟ್ಟದ್ದು ಹಾರ್ನಣ್ಣನೇ. ಊರೂರಿನ ಡ್ರೈವರುಗಳ ಕಿವಿಗೆ ಸುದ್ದಿ ಹಾಕಿ, ಹನ್ನೊಂದು ತಿಂಗಳ ಮೇಲೆ ಒಂದು ದಿನ ಫೋನ್ ಮಾಡಿ, ಊರು, ಬೀದಿ, ಅಂಗಡಿ ಎಲ್ಲ ಹೇಳಿ, ಬೇರೊಂದು ಮಾತಾಡದೆ ಇಟ್ಟುಬಿಟ್ಟ.

ಅವಳು ಮುಕ್ಕಾಲು ಇಂಚಿನದನ್ನು ಟವೆಲಿನಲ್ಲಿ ಸುತ್ತಿ, ಎರಡು ಬಸ್ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಮುಟ್ಟಿದಳು. ಹಾಸಿಗೆಯವನಿಗೆ ಅವಳನ್ನು ನೋಡಿ ಗುರುತೇ ಹತ್ತಲಿಲ್ಲ.

"ಗಾಡಿಗೆ ಏನೂ ತೊಂದ್ರೆ ಇಲ್ವಲ್ಲಮ್ಮ? ಬ್ರೇಕು ಗಟ್ಟಿಯಾಗೇ ಇದೆ."

"ಅದೇ ತೊಂದ್ರೆ," ಎಂದು ಅವಳು ಬೀದಿಯಲ್ಲೇ ಕೂತು ಬಿಚ್ಚಿದಳು. ಮುಗಿದ ಮೇಲೆ, ಲೋಡ್ ತುಂಬಿದ ಗಾಡಿಯಲ್ಲಿ ಪಕ್ಕದ ಸೀಟಿಗೆ ಹತ್ತಿ, ಊರಾಚೆಯ ಸೇತುವೆಯ ಇಳಿಜಾರಿಗೆ ಹೋಗಲು ಹೇಳಿದಳು. ಅವನು ಎಂದಿನಂತೆ ಮೈಯ ಭಾರವನ್ನೆಲ್ಲ ಕಾಲಿಗೆ ಹಾಕಿ ತುಳಿದ. ಗಾಡಿ ಗಕ್ಕನೆ ನಿಂತಿತು. ಹಾಸಿಗೆಗಳೆಲ್ಲ ಮುಂದಕ್ಕೆ ಕುಸಿದು ಇಬ್ಬರ ಬೆನ್ನಿಗೆ ಬಂದು ಒತ್ತಿಕೊಂಡವು.

ಅವನು ಕಾಲು ತೆಗೆದು, ಪೆಡಲನ್ನೇ ನೋಡಿದ. ಮತ್ತೆ ಮೆಲ್ಲಗೆ ಒತ್ತಿ ನೋಡಿದ.

"ಹೋದ ತಿಂಗಳು ಇಲ್ಲೇ," ಎಂದ, "ಒಬ್ಬ ಸೈಕಲ್‌ನವನು. ಗೇಣು ದೂರದಲ್ಲಿ ತಪ್ಪಿಹೋಯ್ತು. ನನಗೇ ವಯಸ್ಸಾಯ್ತು, ಕಾಲಲ್ಲಿ ಶಕ್ತಿ ಇಲ್ಲ ಅಂತ ಗಾಡಿ ಮಾರೋಕೆ ಹೇಳಿದೀನಿ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಇಬ್ಬರೂ ಹಾಗೆಯೇ ಕೂತಿದ್ದರು, ಸೇತುವೆಯ ನಡು ಇಳಿಜಾರಿನಲ್ಲಿ, ನಿಂತ ಗಾಡಿಯಲ್ಲಿ.